ನಾದದ ಪಡಿಯಚ್ಚು: ವಿದ್ಯುತ್ ಗಿಟಾರಿನ ಡಿಜಿಟಲ್ ಮಾದರಿಗಳನ್ನು ಕುರಿತು ಒಂದು ವಿಮರ್ಶೆ

೧

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಪಟ್ಟಣಗಳಲ್ಲಿ ಗಣೇಶೋತ್ಸವ, ರಾಜ್ಯೋತ್ಸವ, ಊರಹಬ್ಬಗಳ ರಾತ್ರಿ ನಡೆಯುವ ವಾದ್ಯಗೋಷ್ಠಿಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಬದಲಾವಣೆ ಕಾಣದೆ ಇರದು. ಗಿಟಾರು ನುಡಿಸುವವನ ಬೆನ್ನ ಹಿಂದೆ ಈಗ ಆಂಪ್ಲಿಫೈಯರಿನ ದೊಡ್ಡ ಪೆಟ್ಟಿಗೆ ಇರುವುದು ಅಪರೂಪ. ಅವನ ಕಾಲಬಳಿ ಒಂದು ದಪ್ಪ ಪುಸ್ತಕದಷ್ಟು ಗಾತ್ರದ ಲೋಹದ ಪೆಟ್ಟಿಗೆಯಿರುತ್ತದೆ. ಅದರಿಂದ ಹೊರಟ ತಂತಿ ನೇರವಾಗಿ ಮಿಕ್ಸರಿಗೆ ಹೋಗಿ ಸೇರುತ್ತದೆ. ಆದರೂ ಕೇಳುವವರಿಗೆ ಕೇಳಿಸುವುದು ಕಾದ ವಾಲ್ವುಗಳ, ನಡುಗುವ ಕಾಗದದ ಸ್ಪೀಕರಿನ, ಮರದ ಪೆಟ್ಟಿಗೆಯ ನಾದವೇ. ಅಲ್ಲಿ ಇಲ್ಲದ ವಸ್ತುವಿನ ಧ್ವನಿಯನ್ನು ಗಣಿತದ ಮೂಲಕ ಕಟ್ಟಿಕೊಡುವ ಈ ಉಪಕರಣಗಳಿಗೆ ಡಿಜಿಟಲ್ ಆಂಪ್ ಮಾದರಿಗಳೆಂದು ಹೆಸರು.

ಇವುಗಳನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಮೊದಲನೆಯದರ ಪ್ರಕಾರ ಇವೆಲ್ಲ ಕೃತಕ. ಮೂಲ ವಾಲ್ವ್ ಆಂಪ್ಲಿಫೈಯರಿನಲ್ಲಿ ಇರುವ ಜೀವ ಇವುಗಳಲ್ಲಿಲ್ಲ. ಎರಡನೆಯದರ ಪ್ರಕಾರ ವಿಜ್ಞಾನ ಆ ವ್ಯತ್ಯಾಸವನ್ನು ಅಳಿಸಿಹಾಕಿದೆ. ಇನ್ನು ಗುಂಡಿಯೊಂದನ್ನು ಒತ್ತಿದರೆ ಸಾಕು, ಉತ್ತಮ ನಾದ ತಾನಾಗಿಯೇ ದೊರೆಯುತ್ತದೆ. ಈ ಎರಡು ಮತಗಳೂ ಒಂದೇ ತಪ್ಪು ಗ್ರಹಿಕೆಯ ಮೇಲೆ ನಿಂತಿವೆಯೆಂಬುದು ಪ್ರಕೃತ ಲೇಖನದ ವಾದ. ನಾದದ ಗುಣವು ಯಂತ್ರದೊಳಗೆ ಸಿದ್ಧವಾಗಿ ಇಟ್ಟಿರುವ ಪದಾರ್ಥವೆಂದು ಇಬ್ಬರೂ ಭಾವಿಸುತ್ತಾರೆ. ಅದು ಹಳೆಯ ಯಂತ್ರದಲ್ಲಿದೆಯೋ ಹೊಸ ಯಂತ್ರದಲ್ಲಿದೆಯೋ ಎಂಬುದಷ್ಟೇ ಅವರ ಜಗಳ. ಇತಿಹಾಸದ ವಿದ್ಯಾರ್ಥಿಗೆ ಈ ಪ್ರಶ್ನೆ ಬೇರೆ ರೀತಿಯಲ್ಲಿ ತೋರುತ್ತದೆ. ಮೂಲವೆಂದರೆ ಯಾವುದು, ಪ್ರತಿಯೆಂದರೆ ಯಾವುದು, ಪ್ರತಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುವು ನಮ್ಮ ಶಾಸ್ತ್ರದ ನಿತ್ಯದ ಪ್ರಶ್ನೆಗಳು. ಆ ದೃಷ್ಟಿಯಿಂದ ಈ ವಿಷಯವನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

೨

ಮೊದಲು ಮೂಲವೆಂದು ಹೇಳಲಾಗುವ ವಸ್ತುವಿನ ಚರಿತ್ರೆಯನ್ನು ನೋಡೋಣ. ಅಮೆರಿಕದಲ್ಲಿ ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬುವರು ೧೯೩೨ರ ಹೊತ್ತಿಗೆ ಮಾರುಕಟ್ಟೆಗೆ ತಂದ ವಿದ್ಯುತ್ ಗಿಟಾರಿನ ತತ್ವ ಸರಳವಾದುದು. ಉಕ್ಕಿನ ತಂತಿ ಅಯಸ್ಕಾಂತದ ಸಮೀಪದಲ್ಲಿ ಕಂಪಿಸಿದಾಗ, ಅಯಸ್ಕಾಂತವನ್ನು ಸುತ್ತಿರುವ ಸುರುಳಿಯಲ್ಲಿ ಸಣ್ಣ ವಿದ್ಯುತ್ ಅಲೆ ಹುಟ್ಟುತ್ತದೆ. ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ಪ್ರೇರಣೆಯ ನಿಯಮವೇ ಇದು. ಆ ಕ್ಷೀಣವಾದ ಅಲೆಯನ್ನು ಹಿಗ್ಗಿಸಲು ವಾಲ್ವ್ ಬೇಕಾಯಿತು. ಲೀ ಡಿ ಫಾರೆಸ್ಟ್ ೧೯೦೬ರಲ್ಲಿ ರೂಪಿಸಿದ ಮೂರು ವಿದ್ಯುದ್ವಾರಗಳ ವಾಲ್ವು ರೇಡಿಯೋ ಯುಗವನ್ನು ತೆರೆದಂತೆಯೇ ಗಿಟಾರಿಗೂ ದಾರಿ ಮಾಡಿಕೊಟ್ಟಿತು.

ವಾಲ್ವ್ ಆಂಪ್ಲಿಫೈಯರನ್ನು ನಿರ್ಮಿಸಿದವರ ಗುರಿ ಶುದ್ಧವಾದ ಧ್ವನಿಯಾಗಿತ್ತು. ಆದರೆ ಸಣ್ಣ ಆಂಪ್ಲಿಫೈಯರಿನಿಂದ ದೊಡ್ಡ ಸಭಾಂಗಣವನ್ನು ತುಂಬಬೇಕಾದಾಗ ವಾದಕರು ಅದನ್ನು ಶಕ್ತಿಮೀರಿ ದುಡಿಸಿದರು. ಹಾಗೆ ದುಡಿಸಿದಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ನೆತ್ತಿ ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ; ಮೆಲ್ಲನೆಯ ಮೀಟಿಗೂ ಜೋರಾದ ಮೀಟಿಗೂ ಇರುವ ಅಂತರ ಕುಗ್ಗುತ್ತದೆ; ಸ್ವರ ಬಹುಕಾಲ ನಿಲ್ಲುತ್ತದೆ. ಎಂಜಿನಿಯರು ಇದನ್ನು ವಿಕೃತಿಯೆಂದು ಕರೆದ. ವಾದಕನಿಗೆ ಅದು ಮಾಧುರ್ಯವಾಗಿ ಕೇಳಿಸಿತು. ೧೯೬೪ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಸಣ್ಣ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ತನಗೆ ಬೇಕಾದ ಒರಟು ಧ್ವನಿಯನ್ನು ಪಡೆದನೆಂಬುದು ಪ್ರಸಿದ್ಧ ಸಂಗತಿ. ದೋಷವೇ ಗುಣವಾಗಿ ಪರಿಣಮಿಸಿತು.

ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯವಾದುದು. ಅಮೆರಿಕದ ಲಿಯೋ ಫೆಂಡರನ ಕಾರ್ಖಾನೆ ೧೯೫೦ರ ದಶಕದಲ್ಲಿ 'ಬ್ಯಾಸ್‌ಮನ್' ಎಂಬ ಆಂಪ್ಲಿಫೈಯರನ್ನು ತಯಾರಿಸಿತು. ಹೆಸರೇ ಹೇಳುವಂತೆ ಅದು ಬ್ಯಾಸ್ ಗಿಟಾರಿಗಾಗಿ ಮಾಡಿದ್ದು. ಅದರ ಕೀರ್ತಿಯನ್ನು ಬೆಳೆಸಿದವರು ಮಾತ್ರ ಸಾಮಾನ್ಯ ಗಿಟಾರಿನ ವಾದಕರು. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲ್ ೧೯೬೨ರ ಸುಮಾರಿಗೆ ತನ್ನ ಮೊದಲ ಆಂಪ್ಲಿಫೈಯರನ್ನು ಮಾಡಿಸಿದಾಗ ಎದುರಿಗೆ ಇಟ್ಟುಕೊಂಡದ್ದು ಇದೇ ಬ್ಯಾಸ್‌ಮನ್ನಿನ ನಕ್ಷೆಯನ್ನು. ಅಮೆರಿಕದ ಬಿಡಿಭಾಗಗಳ ಬದಲು ಇಂಗ್ಲೆಂಡಿನಲ್ಲಿ ಸಿಕ್ಕುವ ಭಾಗಗಳನ್ನು ಹಾಕಿದರು, ಸ್ಪೀಕರು ಬೇರೆಯಾಯಿತು, ಪೆಟ್ಟಿಗೆ ಬೇರೆಯಾಯಿತು. ಹಾಗೆ ಹುಟ್ಟಿದ ಪ್ರತಿಯೊಂದು ಹೊಸ ಮೂಲವಾಯಿತು. ಇಂದು ಯಾವ ಡಿಜಿಟಲ್ ಪೆಟ್ಟಿಗೆಯನ್ನು ತೆರೆದರೂ ಮೊದಲ ಸಾಲಿನಲ್ಲಿ ಕಾಣುವುದು ಈ ಎರಡರ ಮತ್ತು ಅದೇ ಕಾಲದ ವಾಕ್ಸ್ ಎ.ಸಿ. ೩೦ರ ಮಾದರಿಗಳೇ. ಶುದ್ಧ ಮೂಲವೆಂದು ನಾವು ಪೂಜಿಸುವುದು ಮತ್ತೊಂದರ ಪ್ರತಿ. ಅದು ಹೆಸರು ಗಳಿಸಿದ್ದು ಅದನ್ನು ಉದ್ದೇಶಕ್ಕೆ ಹೊರತಾಗಿ ಬಳಸಿದ್ದರಿಂದ. ಆದ್ದರಿಂದ ಪ್ರತಿಯೆಂಬ ಕಾರಣಕ್ಕಾಗಿಯೇ ಡಿಜಿಟಲ್ ಮಾದರಿಯನ್ನು ತಿರಸ್ಕರಿಸುವ ವಾದಕ್ಕೆ ಚರಿತ್ರೆಯ ಆಧಾರವಿಲ್ಲ.

೩

ಮಾದರಿಗಳನ್ನು ರಚಿಸುವ ವಿಧಾನಗಳು ಮುಖ್ಯವಾಗಿ ಎರಡು. ನಮ್ಮ ಶಾಸ್ತ್ರದಿಂದಲೇ ಒಂದು ಹೋಲಿಕೆಯನ್ನು ತೆಗೆದುಕೊಂಡರೆ ಅವುಗಳ ಭೇದ ಸ್ಪಷ್ಟವಾಗುತ್ತದೆ.

ಈ ನಾಲ್ಕೂ ತಾಲ್ಲೂಕುಗಳು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಆ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಶಾಸನವನ್ನು ಓದುವ ಮೊದಲು ಅದರ ಪಡಿಯಚ್ಚನ್ನು ತೆಗೆಯುವ ಕ್ರಮವನ್ನು ವಾಚಕರು ಬಲ್ಲರು. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹೊದಿಸಿ, ಕುಂಚದಿಂದ ತಟ್ಟಿ, ಮಸಿಯನ್ನು ಒತ್ತಿದರೆ ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಈ ಅಚ್ಚು ಅತ್ಯಂತ ಪ್ರಾಮಾಣಿಕವಾದುದು. ಕಲ್ಲಿನ ಒಡಕನ್ನೂ ಮುಚ್ಚಿಡುವುದಿಲ್ಲ. ಆದರೆ ಅದು ಕಲ್ಲಿನ ಒಂದು ಮುಖದ, ಒಂದು ದಿನದ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಹಿಂಬದಿಯಲ್ಲಿ ಏನಿದೆಯೆಂಬುದನ್ನಾಗಲಿ, ಸವೆದುಹೋದ ಸಾಲಿನಲ್ಲಿ ಏನಿತ್ತೆಂಬುದನ್ನಾಗಲಿ ಅದು ಹೇಳಲಾರದು. ಅದಕ್ಕೆ ಲಿಪಿ, ವ್ಯಾಕರಣ, ಆ ಕಾಲದ ಶಾಸನಗಳ ರೂಢಿ ಇವುಗಳ ಜ್ಞಾನ ಬೇಕು. ಅವುಗಳ ಬಲದಿಂದ ವಿದ್ವಾಂಸನು ಸವೆದ ಸಾಲನ್ನು ಪುನಾರಚಿಸುತ್ತಾನೆ. ಆ ಪುನಾರಚನೆ ವಿಸ್ತಾರವಾಗಿ ಉಪಯುಕ್ತ. ಆದರೆ ಅದರಲ್ಲಿ ಊಹೆಯ ಪಾಲು ಇದ್ದೇ ಇರುತ್ತದೆ.

ಡಿಜಿಟಲ್ ಮಾದರಿಗಳ ಮೊದಲನೆಯ ವಿಧಾನ ಈ ಪುನಾರಚನೆಯನ್ನು ಹೋಲುತ್ತದೆ. ವಾಲ್ವು, ಟ್ರಾನ್ಸ್‌ಫಾರ್ಮರು, ಕೆಪಾಸಿಟರುಗಳು ಒಂದೊಂದೂ ಹೇಗೆ ವರ್ತಿಸುತ್ತವೆಂಬುದನ್ನು ಸಮೀಕರಣಗಳಾಗಿ ಬರೆದು ಇಡೀ ಮಂಡಲವನ್ನು ಲೆಕ್ಕದಲ್ಲಿ ಕಟ್ಟುವುದು. ರೋಲಂಡ್ ಸಂಸ್ಥೆಯ ವಿ.ಜಿ.-೮ ಉಪಕರಣ ೧೯೯೫ರಲ್ಲಿ ವಾದ್ಯದ ಮತ್ತು ಆಂಪ್ಲಿಫೈಯರಿನ ಮಾದರಿಗಳನ್ನು ಒಟ್ಟಿಗೆ ತಂದಿತು. ಲೈನ್ ೬ ಸಂಸ್ಥೆಯ ಪಾಡ್ ಎಂಬ ಸಣ್ಣ ಪೆಟ್ಟಿಗೆ ೧೯೯೮ರಲ್ಲಿ ಬಂದು ಈ ವಿದ್ಯೆಯನ್ನು ಸಾಮಾನ್ಯ ವಾದಕನ ಕೈಗೆ ನಿಲುಕಿಸಿತು. ೨೦೦೬ರ ಫ್ರ್ಯಾಕ್ಟಲ್ ಸಂಸ್ಥೆಯ ಆಕ್ಸ್-ಎಫ್‌ಎಕ್ಸ್ ಅದನ್ನು ಬಹಳ ಸೂಕ್ಷ್ಮಗೊಳಿಸಿತು. ಇಂಥ ಮಾದರಿಯಲ್ಲಿ ಗುಂಡಿಗಳನ್ನು ಹೇಗೆ ತಿರುಗಿಸಿದರೂ ಮೂಲದ ಗುಂಡಿಗಳಂತೆಯೇ ವರ್ತಿಸಬೇಕೆಂಬುದು ಗುರಿ.

ಎರಡನೆಯ ವಿಧಾನ ಪಡಿಯಚ್ಚಿನದು. ನಿಜವಾದ ಆಂಪ್ಲಿಫೈಯರಿನೊಳಕ್ಕೆ ಗೊತ್ತಾದ ಸಂಕೇತಗಳನ್ನು ಕಳುಹಿಸಿ, ಹೊರಬಂದದ್ದನ್ನು ಧ್ವನಿಮುದ್ರಿಸಿಕೊಂಡು, ಎರಡನ್ನೂ ಹೋಲಿಸಿ ಅದರ ವರ್ತನೆಯನ್ನು ಗ್ರಹಿಸುವುದು. ೨೦೧೧ರಲ್ಲಿ ಬೆಳಕಿಗೆ ಬಂದ ಜರ್ಮನಿಯ ಕೆಂಪರ್ ಉಪಕರಣ ಇದನ್ನು ಪ್ರಸಿದ್ಧಗೊಳಿಸಿತು. ೨೦೧೬ರ ವೇವ್‌ನೆಟ್ ಸಂಶೋಧನೆಯ ಬಳಿಕ ಕೃತಕ ನರಜಾಲಗಳನ್ನು ಧ್ವನಿಗೆ ಅನ್ವಯಿಸುವುದು ಸಾಧ್ಯವಾಯಿತು. ಇತ್ತೀಚಿನ ವರ್ಷಗಳಲ್ಲಿ ಸ್ಟೀವನ್ ಅಟ್ಕಿನ್ಸನ್ ಎಂಬಾತ ರಚಿಸಿದ 'ನ್ಯೂರಲ್ ಆಂಪ್ ಮಾಡೆಲರ್' ಎಂಬ ಉಚಿತ ತಂತ್ರಾಂಶ ಈ ಶಕ್ತಿಯನ್ನು ಕಂಪ್ಯೂಟರು ಉಳ್ಳ ಯಾವ ವಿದ್ಯಾರ್ಥಿಗೂ ಒದಗಿಸಿದೆ. ಈ ಅಚ್ಚುಗಳ ನಿಷ್ಠೆ ಆಶ್ಚರ್ಯಕರ. ಆದರೆ ಶಾಸನದ ಅಚ್ಚಿನಂತೆಯೇ ಇವೂ ಒಂದು ಆಂಪ್ಲಿಫೈಯರಿನ ಒಂದು ಸ್ಥಿತಿಯನ್ನು ಮಾತ್ರ ಹಿಡಿದಿಡುತ್ತವೆ. ಅಚ್ಚು ತೆಗೆದಾಗ ಗುಂಡಿ ಎಲ್ಲಿತ್ತೋ ಅಲ್ಲಿ ಅದು ಸತ್ಯ. ಅಲ್ಲಿಂದ ದೂರ ಸರಿದಷ್ಟೂ ಊಹೆ ಹೆಚ್ಚು.

ಪಾಠಕ್ಕೆ ಉಪಯುಕ್ತವಾದ ತೀರ್ಮಾನ ಇದರಿಂದ ಹೊರಡುತ್ತದೆ. ಅನೇಕ ಗುಂಡಿಗಳನ್ನು ತಿರುಗಿಸಿ ಕಲಿಯಬೇಕೆನ್ನುವವನಿಗೆ ಮೊದಲ ಬಗೆಯ ಮಾದರಿ ಯುಕ್ತ. ಒಂದು ನಿರ್ದಿಷ್ಟ ನಾದವೇ ಬೇಕೆನ್ನುವವನಿಗೆ ಎರಡನೆಯದು ಯುಕ್ತ. ಪಡಿಯಚ್ಚನ್ನು ಹಿಡಿದು ಕಲ್ಲಿನ ಹಿಂಬದಿಯನ್ನು ಓದಹೊರಡುವುದು ಹೇಗೆ ವ್ಯರ್ಥವೋ, ಗ್ರಹಿಸಿದ ಮಾದರಿಯೊಂದನ್ನು ವಿಪರೀತವಾಗಿ ತಿದ್ದಿ ಬೇರೆ ಆಂಪ್ಲಿಫೈಯರನ್ನಾಗಿ ಮಾಡಲು ಹೋಗುವುದೂ ಹಾಗೆಯೇ ವ್ಯರ್ಥ.

೪

ಇಂಥ ಪ್ರತಿರೂಪದ ಪ್ರಶ್ನೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನಲ್ಲಿ ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣರು ೧೯೭೯ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಇಂದು ಸಂಗೀತ ಕಲಿಯುವ ಮನೆಮನೆಯಲ್ಲಿಯೂ ಪರಿಚಿತ. ಗಿಟಾರಿನ ಡಿಜಿಟಲ್ ಮಾದರಿಗಳು ಹುಟ್ಟುವುದಕ್ಕೆ ಮೊದಲೇ ನಮ್ಮವರು ವಾದ್ಯದ ನಾದಗುಣವನ್ನು ವಿದ್ಯುನ್ಮಂಡಲದಿಂದ ಅನುಕರಿಸುವ ಸಮಸ್ಯೆಯನ್ನು ಎದುರಿಸಿದ್ದರು.

ತಂಬೂರಿಯ ಅನುಕರಣೆ ಏಕೆ ಕಷ್ಟವೆಂಬುದನ್ನು ಸಿ. ವಿ. ರಾಮನ್ನರು ೧೯೨೧ರ ತಮ್ಮ ಪ್ರಬಂಧದಲ್ಲಿಯೇ ಸೂಚಿಸಿದ್ದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದೆಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಆ ಉಪಸ್ವರಗಳೂ ಬಲವಾಗಿಯೇ ಕೇಳಿಸುತ್ತವೆಯೆಂದು ರಾಮನ್ನರು ತೋರಿಸಿದರು. ಕಾರಣ ಕುದುರೆಯ ರಚನೆಯಲ್ಲಿದೆ. ಅಗಲವಾದ, ಸ್ವಲ್ಪ ಬಾಗಿದ ಕುದುರೆಯ ಮೇಲ್ಮೈಯನ್ನು ತಂತಿ ಪ್ರತಿಯೊಂದು ಕಂಪನದಲ್ಲಿಯೂ ತಾಕಿ ಬಿಡುತ್ತದೆ. ತಂಬೂರಿಯಲ್ಲಿ ಜೀವವೆಂದು ಕರೆಯುವ ನೂಲಿನೆಳೆಯನ್ನು ತಂತಿಯ ಕೆಳಗೆ ಸರಿಯಾದ ಸ್ಥಳದಲ್ಲಿ ಇಟ್ಟಾಗ ಈ ತಾಕುವಿಕೆ ಹದಕ್ಕೆ ಬಂದು ನಾದ ಅರಳುತ್ತದೆ. ವಾಲ್ವ್ ಆಂಪ್ಲಿಫೈಯರಿನಲ್ಲಿ ಅಲೆಯ ನೆತ್ತಿ ಮಿತಿಯನ್ನು ತಾಕಿ ಚಪ್ಪಟೆಯಾಗುವುದಕ್ಕೂ ಇಲ್ಲಿ ತಂತಿ ಕುದುರೆಯನ್ನು ತಾಕುವುದಕ್ಕೂ ಕ್ರಿಯೆಯಲ್ಲಿ ಭೇದವಿದ್ದರೂ ತತ್ವದಲ್ಲಿ ಸಾಮ್ಯವಿದೆ. ಎರಡೂ ಕಡೆ ಒಂದು ಮಿತಿಯನ್ನು ಮುಟ್ಟುವುದರಿಂದಲೇ ಮೂಲದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ. ಎರಡೂ ಕಡೆ ಎಂಜಿನಿಯರು ದೋಷವೆನ್ನುವುದನ್ನು ಗಾಯಕ ಜೀವವೆನ್ನುತ್ತಾನೆ. ವಿಕೃತ ಗಿಟಾರಿನ ನಾದ ನಮ್ಮ ಕಿವಿಗೆ ಪರಕೀಯವೆಂದು ಹೇಳುವವರು ಈ ಸಾಮ್ಯವನ್ನು ಆಲೋಚಿಸಬೇಕು.

ಎಲೆಕ್ಟ್ರಾನಿಕ್ ತಂಬೂರಿಯಿಂದ ಲಾಭವೆಷ್ಟು, ನಷ್ಟವೆಷ್ಟು? ಸಣ್ಣ ಊರಿನ ಬಡ ವಿದ್ಯಾರ್ಥಿಗೆ ತಪ್ಪದ ಶ್ರುತಿ ದೊರೆಯಿತು. ಭಜನಮಂಡಲಿಗೆ ತಂಬೂರಿಯನ್ನು ಹೊತ್ತು ತಿರುಗುವ ಕಷ್ಟ ತಪ್ಪಿತು. ಕೈವಾರದಲ್ಲಿ ಗುರುಪೂರ್ಣಿಮೆಯ ಸಮಯಕ್ಕೆ ಹಗಲಿರುಳೂ ನಡೆಯುವ ಸಂಗೀತೋತ್ಸವದಂಥ ಸಂದರ್ಭದಲ್ಲಿ ಒಂದು ಗೋಷ್ಠಿ ಮುಗಿದು ಇನ್ನೊಂದು ಏಳುವ ಅಲ್ಪಾವಧಿಯಲ್ಲಿ ಶ್ರುತಿ ಸಿದ್ಧವಾಗಿರುವುದು ಎಂಥ ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ. ನಷ್ಟವಾದದ್ದು ಶ್ರುತಿ ಕೂಡಿಸುವ ಶಿಕ್ಷಣ. ಗುರುವಿನ ಹಿಂದೆ ಕುಳಿತು ಬಿರಡೆ ತಿರುಗಿಸಿ, ಜೀವದ ಎಳೆಯನ್ನು ಕೂದಲಿನಷ್ಟು ಸರಿಸಿ, ಷಡ್ಜದೊಳಗಿಂದ ಗಾಂಧಾರ ಏಳುವುದನ್ನು ಕೇಳಲು ಕಾದು ಕುಳಿತ ವಿದ್ಯಾರ್ಥಿಯ ಕಿವಿ ಬೇರೆ. ಗುಂಡಿ ಒತ್ತಿದ ವಿದ್ಯಾರ್ಥಿಯ ಕಿವಿ ಬೇರೆ. ಪೆಟ್ಟಿಗೆ ಶ್ರುತಿಯನ್ನು ಕೊಟ್ಟಿತು. ಶ್ರುತಿಯನ್ನು ಹುಡುಕುವ ಅಭ್ಯಾಸವನ್ನು ಅದು ಕೊಡಲಾರದು.

ಇದರ ವಿರುದ್ಧ ದಿಕ್ಕಿನ ಉದಾಹರಣೆಯನ್ನೂ ಮರೆಯಬಾರದು. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿ ೧೯೪೦ರಲ್ಲಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸುಮಾರು ಮೂರು ದಶಕಗಳ ಕಾಲ ನಡೆಯಿತು. ಅದರ ಹಿಂದಿದ್ದ ಶ್ರುತಿಶಾಸ್ತ್ರದ ಆಕ್ಷೇಪಣೆ ನಿರಾಧಾರವಾದುದಲ್ಲ. ಆದರೆ ನಾಟಕದ ಕಂಪನಿಗಳಲ್ಲಿ, ಹರಿಕಥೆಯಲ್ಲಿ, ಭಜನೆಯಲ್ಲಿ ಹಾರ್ಮೋನಿಯಂ ಆಗಲೇ ನಮ್ಮದಾಗಿತ್ತು. ವಾದ್ಯದ ಜಾತಕವನ್ನು ನೋಡಿ ತೀರ್ಪು ಕೊಡುವ ವಿಮರ್ಶೆ ಎಲ್ಲಿ ಮುಟ್ಟುತ್ತದೆಂಬುದಕ್ಕೆ ಇದು ನಿದರ್ಶನ. ಮಾದರಿಯ ಗಿಟಾರನ್ನೂ ಜಾತಕದಿಂದ ಅಳೆಯದೆ ಕಿವಿಯಿಂದ ಅಳೆಯುವುದೇ ನ್ಯಾಯ.

ಕಿವಿಯಿಂದ ಅಳೆಯುವುದಕ್ಕೂ ಒಂದು ಶಿಸ್ತು ಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ೧೯೭೬ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದ್ದು ಇತಿಹಾಸ. ಪರೀಕ್ಷಿಸದೆ ಯಾವುದನ್ನೂ ಒಪ್ಪಬಾರದೆಂಬ ಅವರ ನಿಲುವು ಇಲ್ಲಿಯೂ ಸಲ್ಲುತ್ತದೆ. ವಾಲ್ವಿನ ಜೀವವನ್ನು ತಾನು ಗುರುತಿಸಬಲ್ಲೆನೆನ್ನುವವನು ತೆರೆಯ ಹಿಂದೆ ಎರಡನ್ನೂ ಸಮಾನ ಗಟ್ಟಿತನದಲ್ಲಿ ನುಡಿಸಿದಾಗ ಗುರುತಿಸಿ ತೋರಿಸಬೇಕು. ಗಟ್ಟಿತನ ಸಮಾನವಾಗಿರಬೇಕೆಂಬುದು ಮುಖ್ಯ. ಸ್ವಲ್ಪ ಹೆಚ್ಚು ಗಟ್ಟಿಯಾಗಿ ಕೇಳಿದ್ದನ್ನೇ ಕಿವಿ ಉತ್ತಮವೆಂದು ಆರಿಸುತ್ತದೆ.

೫

ಹಾಗಾದರೆ ಉತ್ತಮ ನಾದವನ್ನು ಈ ಮಾದರಿಗಳಲ್ಲಿ ಹುಡುಕುವ ಕ್ರಮ ಯಾವುದು? ವಾದಕನಲ್ಲದ ವಾಚಕನಿಗೂ ಈ ಭಾಗ ಪ್ರಯೋಜನಕರವೆಂದು ತೋರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬಹುದು.

ಮೊದಲನೆಯದಾಗಿ, ಗಿಟಾರಿನಿಂದ ಪೆಟ್ಟಿಗೆಗೆ ಹೋಗುವ ದಾರಿ. ಗಿಟಾರಿನ ಸುರುಳಿ ದುರ್ಬಲವಾದ ಮೂಲ. ಅದನ್ನು ಸಾಮಾನ್ಯ ಮಿಕ್ಸರಿನ ಲೈನ್ ದ್ವಾರಕ್ಕೆ ನೇರವಾಗಿ ಸೇರಿಸಿದರೆ ಮೇಲಿನ ಉಪಸ್ವರಗಳು ಸಾಯುತ್ತವೆ. ವಾದ್ಯಕ್ಕೆಂದೇ ಇರುವ ದ್ವಾರವನ್ನು ಬಳಸಬೇಕು. ಒಳಬರುವ ಸಂಕೇತ ಅತಿಯಾದರೂ ಅಲ್ಪವಾದರೂ ಮಾದರಿಯ ವರ್ತನೆ ಕೆಡುತ್ತದೆ. ಏಕೆಂದರೆ ಅದು ನಿರ್ದಿಷ್ಟ ಬಲದ ಸಂಕೇತವನ್ನು ನಿರೀಕ್ಷಿಸಿ ರಚಿತವಾದುದು.

ಎರಡನೆಯದು ಸ್ಪೀಕರಿನ ಮಾದರಿ. ಹೊಸಬರು ಆಂಪ್ಲಿಫೈಯರುಗಳ ಪಟ್ಟಿಯನ್ನು ಹುಡುಕುವುದರಲ್ಲಿ ಹೊತ್ತು ಕಳೆಯುತ್ತಾರೆ. ನಾದದ ರೂಪವನ್ನು ನಿರ್ಧರಿಸುವುದರಲ್ಲಿ ಸ್ಪೀಕರಿನ ಮತ್ತು ಅದರ ಮುಂದಿಟ್ಟ ಮೈಕಿನ ಪಾತ್ರ ಅದಕ್ಕಿಂತ ಕಡಮೆಯಲ್ಲ, ಎಷ್ಟೋ ವೇಳೆ ಹೆಚ್ಚು. ಹನ್ನೆರಡು ಅಂಗುಲದ ಗಿಟಾರ್ ಸ್ಪೀಕರು ಸೆಕೆಂಡಿಗೆ ಸುಮಾರು ೫,೦೦೦ ಕಂಪನಗಳ ಮೇಲಿನದನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಆ ತಡೆಯೇ ಇಲ್ಲದಿದ್ದರೆ ವಿಕೃತ ಗಿಟಾರು ಜೇನುನೊಣದ ಮೊರೆತದಂತೆ ಕರ್ಕಶವಾಗಿ ಕೇಳುತ್ತದೆ. ಸ್ಪೀಕರಿನ ಪ್ರತಿಕ್ರಿಯೆಯನ್ನು ಒಂದು ಕ್ಷಣಿಕ ಸದ್ದಿನ ಉತ್ತರವಾಗಿ ದಾಖಲಿಸಿ ಲೆಕ್ಕದಲ್ಲಿ ಬೆರೆಸುವುದು ಈಗಿನ ಪದ್ಧತಿ. ಮೈಕು ಸ್ಪೀಕರಿನ ಮಧ್ಯಕ್ಕೆ ಎದುರಾಗಿದ್ದರೆ ಧ್ವನಿ ಹರಿತ. ಅಂಚಿನ ಕಡೆಗೆ ಸರಿದಷ್ಟೂ ಮೃದು. ಈ ಒಂದು ಆಯ್ಕೆಯನ್ನು ಸರಿಪಡಿಸಿಕೊಂಡರೆ ಉಳಿದ ಎಷ್ಟೋ ಗುಂಡಿಗಳ ಕೆಲಸ ತಪ್ಪುತ್ತದೆ.

ಮೂರನೆಯದು ವಿಕೃತಿಯ ಪ್ರಮಾಣ. ಕೋಣೆಯಲ್ಲಿ ಒಬ್ಬನೇ ನುಡಿಸುವಾಗ ಹೆಚ್ಚು ವಿಕೃತಿ ಸುಖವಾಗಿ ತೋರುತ್ತದೆ. ಮೀಟಿನ ಲೋಪಗಳನ್ನು ಅದು ಮುಚ್ಚುತ್ತದೆ. ತಬಲ, ಡ್ರಮ್ಮು, ಕೀಬೋರ್ಡುಗಳ ನಡುವೆ ಅದೇ ನಾದ ಮಂಜಿನಂತೆ ಹರಡಿ ರಾಗದ ಅಂಚು ಕಾಣದಾಗುತ್ತದೆ. ಬೇಕೆನಿಸಿದ್ದಕ್ಕಿಂತ ಸ್ವಲ್ಪ ಕಡಮೆಯಿಡುವುದು ಕ್ಷೇಮ.

ನಾಲ್ಕನೆಯದು ಗಟ್ಟಿತನ. ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿ ತೋರಿಸಿದಂತೆ, ಸದ್ದು ಮೆಲ್ಲಗಿದ್ದಾಗ ಕಿವಿಗೆ ಅತಿ ಮಂದ್ರ ಮತ್ತು ಅತಿ ತಾರ ಅಂಶಗಳು ಕಡಮೆ ಕೇಳಿಸುತ್ತವೆ. ರಾತ್ರಿ ಮನೆಯವರು ಮಲಗಿದ ಮೇಲೆ ಇಯರ್‌ಫೋನಿನಲ್ಲಿ ನಾದವನ್ನು ಹೊಂದಿಸುವ ವಿದ್ಯಾರ್ಥಿ ತಿಳಿಯದೆಯೇ ಈ ಎರಡನ್ನೂ ಏರಿಸಿರುತ್ತಾನೆ. ಅದೇ ಹೊಂದಿಕೆಯನ್ನು ವೇದಿಕೆಯ ದೊಡ್ಡ ಸ್ಪೀಕರುಗಳಲ್ಲಿ ಕೇಳಿದಾಗ ಕೆಳಗೆ ಗುಮ್ಮೆನ್ನುತ್ತದೆ, ಮೇಲೆ ಚುಚ್ಚುತ್ತದೆ, ನಡುವೆ ಬರಿದಾಗಿರುತ್ತದೆ. ಗಿಟಾರಿನ ಅತಿ ಮಂದ್ರ ತಂತಿಯ ಕಂಪನ ಸುಮಾರು ೮೨. ಅದರ ಕೆಳಗಿನದನ್ನೆಲ್ಲ ಕತ್ತರಿಸಿದರೆ ನಷ್ಟವಿಲ್ಲ, ಬ್ಯಾಸ್ ಗಿಟಾರಿಗೆ ಜಾಗ ದೊರೆಯುತ್ತದೆ. ನಡುವಿನ ಭಾಗವನ್ನು ಮಾತ್ರ ಕಸಿಯಬಾರದು. ಗಿಟಾರಿನ ಮಾತು ಇರುವುದೇ ಅಲ್ಲಿ.

ಐದನೆಯದು ವಿಳಂಬ. ಲೆಕ್ಕ ಮಾಡಲು ಯಂತ್ರಕ್ಕೆ ಕಾಲ ಬೇಕು. ಒಳ್ಳೆಯ ಪೆಟ್ಟಿಗೆಗಳಲ್ಲಿ ಇದು ಸೆಕೆಂಡಿನ ಸಾವಿರದ ಕೆಲವೇ ಭಾಗ. ಗಾಳಿಯಲ್ಲಿ ಸದ್ದು ಒಂದು ಮೀಟರು ಸಾಗಲು ಸುಮಾರು ಮೂರು ಅಂಥ ಭಾಗಗಳು ಬೇಕಾಗುವುದರಿಂದ, ಆಂಪ್ಲಿಫೈಯರಿನಿಂದ ಎರಡು ಹೆಜ್ಜೆ ದೂರ ನಿಂತಷ್ಟೇ ಇದರ ಪರಿಣಾಮ. ಆದರೆ ಫೋನಿನ ತಂತ್ರಾಂಶದ ಮೂಲಕ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುವವನಿಗೆ ವಿಳಂಬ ಇದರ ಎಷ್ಟೋ ಪಾಲು ಹೆಚ್ಚು. ಅಲ್ಲಿ ಲಯ ಕಲಿಯುವುದು ಅಸಾಧ್ಯ. ಅಂಥವನು ತಂತಿಯ ಇಯರ್‌ಫೋನಿಗೆ ಮರಳುವುದು ಮೇಲು.

ಕೊನೆಯದಾಗಿ ಕೈ. ಮೀಟುವ ಸ್ಥಳವನ್ನು ಕುದುರೆಯಿಂದ ಎರಡು ಅಂಗುಲ ಆಚೆಗೆ ಸರಿಸಿದರೆ ಆಗುವ ನಾದಭೇದ ಎಷ್ಟೋ ಮಾದರಿಗಳ ನಡುವಣ ಭೇದಕ್ಕಿಂತ ದೊಡ್ಡದು. ಮೆಲ್ಲಗೆ ಮೀಟಿದರೆ ತಿಳಿಯಾಗಿ, ಬಲವಾಗಿ ಮೀಟಿದರೆ ಒರಟಾಗಿ ಉತ್ತರ ಕೊಡುವ ಮಾದರಿಯೇ ಉತ್ತಮ ಮಾದರಿ. ಹೇಗೆ ಮೀಟಿದರೂ ಒಂದೇ ಬಗೆಯಾಗಿ ಗರ್ಜಿಸುವುದು ಅಧಮ. ಈ ಒಂದು ಪರೀಕ್ಷೆ ಕೊಳ್ಳುವವನಿಗೂ ವಿಮರ್ಶಕನಿಗೂ ಸಾಕು.

೬

ನಮ್ಮ ಸಂಗೀತದ ದೃಷ್ಟಿಯಿಂದ ಇನ್ನೆರಡು ಮಾತು ಅವಶ್ಯ. ವಿದ್ಯುತ್ ಗಿಟಾರಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಬಹುದೆಂಬುದನ್ನು ೧೯೮೦ರ ದಶಕದಿಂದ ಸುಕುಮಾರ್ ಪ್ರಸಾದ್, ಅನಂತರ ಆರ್. ಪ್ರಸನ್ನ ಮುಂತಾದವರು ತೋರಿಸಿಕೊಟ್ಟಿದ್ದಾರೆ, ಯು. ಶ್ರೀನಿವಾಸರ ವಿದ್ಯುತ್ ಮ್ಯಾಂಡೊಲಿನ್ ಎಲ್ಲರಿಗೂ ತಿಳಿದದ್ದೇ. ಗಮಕಕ್ಕೆ ಬೇಕಾದದ್ದು ನಿಲ್ಲುವ ನಾದ. ಒಂದೇ ಮೀಟಿನಲ್ಲಿ ಎಳೆತ, ಜಾರು, ಕಂಪಿತಗಳನ್ನು ಮುಗಿಸುವಷ್ಟು ಕಾಲ ಸ್ವರ ಬದುಕಿರಬೇಕು. ಸ್ವಲ್ಪ ವಿಕೃತಿ ಆ ಆಯುಸ್ಸನ್ನು ಕೊಡುತ್ತದೆ. ಅತಿಯಾದರೆ ಮೀಟಿನ ತೂಕದ ಭೇದಗಳೆಲ್ಲ ಅಳಿದು, ಗಮಕ ಬರಿಯ ಊಳಾಗುತ್ತದೆ. ವಿ. ದೊರೆಸ್ವಾಮಿ ಅಯ್ಯಂಗಾರ್ಯರಂಥ ಮೈಸೂರಿನ ವೈಣಿಕರ ಮೀಟಿನಲ್ಲಿದ್ದ ತೂಕದ ವಿವೇಕವನ್ನು ಕೇಳಿದ ಕಿವಿ ಇದನ್ನು ಸಹಿಸದು.

ಎರಡನೆಯದು ಶ್ರುತಿಯ ವಿಷಯ. ಎರಡು ಸ್ವರಗಳು ಒಟ್ಟಿಗೆ ವಿಕೃತಿಯ ಮೂಲಕ ಹಾದಾಗ ಅವುಗಳ ವ್ಯತ್ಯಾಸದ ಸ್ವರವೊಂದು ಹೊಸದಾಗಿ ಹುಟ್ಟುತ್ತದೆ. ಷಡ್ಜವು ಸೆಕೆಂಡಿಗೆ ೨೦೦ ಕಂಪನ, ಪಂಚಮವು ೩೦೦ ಆಗಿದ್ದರೆ ವ್ಯತ್ಯಾಸ ೧೦೦. ಅದು ಕೆಳಗಿನ ಸ್ಥಾಯಿಯ ಷಡ್ಜ, ಆದ್ದರಿಂದ ಹಿತ. ಶುದ್ಧಶ್ರುತಿಯ ಅಂತರ ಗಾಂಧಾರವು ೨೫೦ ಆದರೆ ವ್ಯತ್ಯಾಸ ೫೦, ಅದೂ ಷಡ್ಜವೇ. ಆದರೆ ಗಿಟಾರಿನ ಮೆಟ್ಟಿಲುಗಳನ್ನು ಸ್ಥಾಯಿಯ ಹನ್ನೆರಡು ಸಮಭಾಗಗಳಿಗೆ ಅನುಸಾರವಾಗಿ ಹೊಂದಿಸಿರುವುದರಿಂದ ಅಲ್ಲಿಯ ಗಾಂಧಾರ ಸುಮಾರು ೨೫೨, ವ್ಯತ್ಯಾಸ ೫೨. ಅದು ಷಡ್ಜವಲ್ಲ, ಯಾವ ಸ್ವರವೂ ಅಲ್ಲ. ಕೆಳಗಿನಿಂದ ಏಳುವ ಒಂದು ಕಲಹ. ಪಾಶ್ಚಾತ್ಯ ರಾಕ್ ವಾದಕರು ವಿಕೃತ ನಾದದಲ್ಲಿ ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳನ್ನೇ ಕೂಡಿಸಿ ನುಡಿಸುವ ರೂಢಿಗೆ ಇದೇ ಕಾರಣ. ನಮ್ಮ ವಾದಕನು ಶ್ರುತಿಯ ತಂತಿಯನ್ನೂ ರಾಗದ ತಂತಿಯನ್ನೂ ಒಂದೇ ವಿಕೃತಿಯೊಳಗೆ ನೂಕದೆ, ಶ್ರುತಿಯನ್ನು ಬೇರೆ ತಂಬೂರಿಗೆ ಒಪ್ಪಿಸುವುದು ಇದರಿಂದ ಉಚಿತವಾಗುತ್ತದೆ. ಯಾವ ಸಂಸ್ಥೆಯ ಸಿದ್ಧ ಹೊಂದಿಕೆಯೂ ಇದನ್ನು ಅವನಿಗೆ ಹೇಳಿಕೊಡುವುದಿಲ್ಲ. ಏಕೆಂದರೆ ಅವು ನಮ್ಮ ಸಂಗೀತವನ್ನು ನೆನೆದು ಮಾಡಿದವುಗಳಲ್ಲ.

೭

ಪ್ರಸ್ತುತ ವಿಷಯದಲ್ಲಿ ಗಂಭೀರವಾದ ಆಕ್ಷೇಪಣೆ ಇರುವುದು ಇಲ್ಲಿಯೇ. ಈ ಪೆಟ್ಟಿಗೆಗಳು ಬಡವಾದಕನಿಗೆ ಉಪಕಾರ ಮಾಡಿವೆಯೆಂಬುದು ನಿರ್ವಿವಾದ. ಮೂವತ್ತು ಕಿಲೋಗ್ರಾಮಿಗೂ ಹೆಚ್ಚು ತೂಗುವ, ದುಬಾರಿ ವಾಲ್ವುಗಳನ್ನು ಬೇಡುವ ಆಂಪ್ಲಿಫೈಯರನ್ನು ಚಿಂತಾಮಣಿಯ ವಿದ್ಯಾರ್ಥಿಯೊಬ್ಬ ಕೊಂಡು ಬಸ್ಸಿನಲ್ಲಿ ಸಾಗಿಸುವುದು ಆಗದ ಮಾತು. ಆದರೆ ಈ ಉಪಕಾರದ ಜೊತೆಗೆ ಒಂದು ಪಾಠಪಟ್ಟಿಯೂ ಬಂದಿದೆ. ಸುಮಾರು ೧೯೫೯ರಿಂದ ಕೆಲವೇ ದಶಕಗಳ ಕಾಲ ಕ್ಯಾಲಿಫೋರ್ನಿಯದಲ್ಲಿ, ಲಂಡನ್ನಿನಲ್ಲಿ ತಯಾರಾದ ಕೆಲವೇ ಯಂತ್ರಗಳ ನಾದವೇ ಉತ್ತಮವೆಂಬ ತೀರ್ಪು ಆ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟಿದೆ. ಸ್ಪೀಕರನ್ನು ಸೀಳಿದವನ ಸಾಹಸ ಇಂದು ಸಂಖ್ಯೆಯಾಗಿ ಕೂತಿದೆ. ಅದನ್ನು ಆರಿಸುವವನಿಗೆ ಸಾಹಸ ಬೇಕಾಗಿಲ್ಲ. ಹುಡುಕಾಟದಿಂದ ಹುಟ್ಟಿದ ನಾದವನ್ನು ಹುಡುಕಾಟವಿಲ್ಲದೆ ಅನುಭವಿಸುವ ಕಾಲ ಇದು.

ಇನ್ನೊಂದು ಪಕ್ಷವನ್ನು ಗಮನಿಸಿದರೆ ವಿಷಾದ ಹೆಚ್ಚುತ್ತದೆ. ಚಿಕ್ಕಬಳ್ಳಾಪುರಕ್ಕೂ ಗೌರಿಬಿದನೂರಿಗೂ ನೆರೆಯಲ್ಲಿರುವ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವ ಕುಶಲಿಗಳಿದ್ದಾರೆ. ಬ್ಯಾಸ್‌ಮನ್ನಿನ ಒಂದೊಂದು ಕೆಪಾಸಿಟರಿನ ವರ್ತನೆಯನ್ನೂ ಅಳೆದು ಬರೆದಿಟ್ಟ ಜಗತ್ತಿನಲ್ಲಿ, ಹಲಸಿನ ಕೊಡದ ಒಂದು ವೀಣೆಯ ಕುದುರೆಯನ್ನು, ಅದನ್ನು ಹದಗೊಳಿಸುವ ಕೈಯನ್ನು ಅಷ್ಟೇ ಶ್ರದ್ಧೆಯಿಂದ ಅಳೆದಿಡುವುದು ನಮ್ಮ ಹೊಣೆ. ಅಚ್ಚು ತೆಗೆಯುವ ವಿದ್ಯೆ ಈಗ ಉಚಿತವಾಗಿ ದೊರೆಯುತ್ತಿದೆ. ಸ್ಪೀಕರಿನ ಪ್ರತಿಕ್ರಿಯೆಯನ್ನು ಗ್ರಹಿಸುವ ಕ್ರಮದಿಂದಲೇ ವೀಣೆಯ ಕೊಡದ, ದೇವಾಲಯದ ಮಂಟಪದ ಪ್ರತಿಧ್ವನಿಯನ್ನೂ ಗ್ರಹಿಸಬಹುದು. ನಂದಿಯ ಭೋಗನಂದೀಶ್ವರ ದೇವಾಲಯದ ಮಂಟಪದಲ್ಲಿ ಒಂದು ಸ್ವರ ಹೇಗೆ ಉಳಿಯುತ್ತದೆಂಬುದು ಅಲ್ಲಿಯ ಶಾಸನಗಳಂತೆಯೇ ಒಂದು ಐತಿಹಾಸಿಕ ಸಾಮಗ್ರಿ. ಇದುವರೆಗೆ ಚರಿತ್ರಕಾರರು ಕಣ್ಣಿಗೆ ಕಾಣುವುದನ್ನೇ ದಾಖಲೆಯೆಂದು ಎಣಿಸಿದ್ದೇವೆ.

ಹಾಗೆ ಅಚ್ಚು ತೆಗೆಯುವಾಗ ನಮ್ಮ ಶಾಸ್ತ್ರದ ಶಿಸ್ತನ್ನು ಬಿಡಕೂಡದು. ರೈಸರ ಸಂಪುಟ ಇಂದಿಗೂ ಪ್ರಮಾಣವಾಗಿ ಉಳಿದಿರುವುದು ಪ್ರತಿಯೊಂದು ಶಾಸನಕ್ಕೂ ಗ್ರಾಮ, ಸ್ಥಳ, ಸಂಖ್ಯೆಗಳನ್ನು ಕೊಟ್ಟಿರುವುದರಿಂದ. ಈಗ ಹಂಚಿಕೆಯಾಗುತ್ತಿರುವ ಸಾವಿರಾರು ಗಿಟಾರ್ ಮಾದರಿಗಳಲ್ಲಿ ಎಷ್ಟೋ ಅನಾಥ. ಯಾವ ಆಂಪ್ಲಿಫೈಯರು, ಯಾವ ವರ್ಷದ್ದು, ಗುಂಡಿಗಳು ಎಲ್ಲಿದ್ದವು, ಮೈಕು ಯಾವುದು, ಎಷ್ಟು ದೂರದಲ್ಲಿತ್ತು ಎಂಬ ವಿವರಗಳಿಲ್ಲ. ಕಿವಿಗೆ ಅವು ಇಂಪಾಗಿರಬಹುದು. ದಾಖಲೆಯಾಗಿ ಅವು ಊರು ಹೆಸರಿಲ್ಲದ ಶಾಸನದ ತುಂಡುಗಳು. ವಾದ್ಯದ ಹೆಸರು, ಮಾಡಿದವರ ಒಪ್ಪಿಗೆ ಮತ್ತು ಹೆಸರು, ಮರ, ತಂತಿ, ಶ್ರುತಿ, ಸ್ಥಳ, ದಿನಾಂಕ, ಉಪಕರಣ ಇಷ್ಟನ್ನು ಬರೆಯದೆ ತೆಗೆದ ನಾದದ ಅಚ್ಚಿಗೆ ಸಂಶೋಧನೆಯಲ್ಲಿ ಸ್ಥಾನವಿರಲಾರದು.

ಈ ಎಲ್ಲ ವಿಚಾರದಿಂದ ಏರ್ಪಡುವ ಅಭಿಪ್ರಾಯ ಇಷ್ಟು. ಡಿಜಿಟಲ್ ಮಾದರಿ ಮೂಲಕ್ಕೆ ದ್ರೋಹವಲ್ಲ; ಮೂಲವೇ ಅನೇಕ ಪ್ರತಿಗಳ, ಆಕಸ್ಮಿಕಗಳ ಫಲ. ಅದು ಮೂಲಕ್ಕೆ ಸಮವೂ ಅಲ್ಲ. ಪಡಿಯಚ್ಚು ಕಲ್ಲಿಗೆ ಸಮವಲ್ಲದಂತೆ. ಅಚ್ಚನ್ನು ಓದಬಲ್ಲವನಿಗೆ ಅದು ವಿದ್ಯೆ, ಓದದವನಿಗೆ ಗೋಡೆಯ ಅಲಂಕಾರ. ನಮ್ಮ ಕಾಲೇಜುಗಳ ಭೌತಶಾಸ್ತ್ರ, ಸಂಗೀತ, ಇತಿಹಾಸ ವಿಭಾಗಗಳು ಕೂಡಿ ಕೆಲಸ ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಸುಲಭವಾಗಿ ಸಿಕ್ಕದು. ಒಂದು ಕಂಪ್ಯೂಟರು, ಒಂದು ಮೈಕು, ಒಂದು ಹಲಸಿನ ವೀಣೆ, ಅದನ್ನು ನುಡಿಸಬಲ್ಲ ಕೈ ಇವಿಷ್ಟು ಇದ್ದರೆ ಆರಂಭಿಸಬಹುದು. ವೀಣೆಗೆ ಜೀವ ಕೊಡುವ ಕೈಗಳು ಇರುವಾಗಲೇ ಆರಂಭಿಸುವುದು ಮೇಲು.